ಕುಗ್ಗಿದವರ ದೇವರು



ಭಕ್ತಿಸಾಹಿತ್ಯದ ಯಾವುದಾದರೊಂದು ಮುಖವನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯ ಆಶಯ. ದತ್ತಿ ಇಟ್ಟ ಮನೆತನದವರು ವಿಷಯದ ಆಯ್ಕೆಯನ್ನು ಉಪನ್ಯಾಸಕರಿಗೇ ಬಿಟ್ಟಿದ್ದಾರೆ. ಮನಸ್ಸು ಕುಗ್ಗಿದಾಗ, ಮುಂದಿನ ದಾರಿ ಕಾಣದಾದಾಗ ಜನ ದೇವರ ಕಡೆ ತಿರುಗುತ್ತಾರಲ್ಲ, ಅದನ್ನು ಕುರಿತು ಮಾತಾಡೋಣ ಎಂದುಕೊಂಡು ಬಂದಿದ್ದೇನೆ. ದೇವರಿದ್ದಾನೆಯೇ ಇಲ್ಲವೇ ಎಂಬ ಚರ್ಚೆಗೆ ಕೈ ಹಾಕುವುದಿಲ್ಲ. ಒಂದು ಗಂಟೆಯಲ್ಲಿ ಮುಗಿಯುವ ಕೆಲಸ ಅದಲ್ಲ. ನನ್ನ ಪ್ರಶ್ನೆ ಚಿಕ್ಕದು. ಹಾಗೆ ಮೊರೆಯಿಟ್ಟವರಿಗೆ ಸಹಾಯ ಯಾವ ರೂಪದಲ್ಲಿ ಬಂತು, ಯಾರ ಕೈಯಿಂದ ಬಂತು? ನಮ್ಮ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಗಳು ಇದಕ್ಕೆ ಏನು ಉತ್ತರ ಕೊಡುತ್ತವೆ?

ಮೊದಲು ಮಾನ್ವಿಯ ಕಡೆ ಹೋಗೋಣ. ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರ ಸುಮಾರಿಗೆ ಹುಟ್ಟಿದವರು ಶ್ರೀನಿವಾಸಾಚಾರ್ಯರು. ಸಂಸ್ಕೃತ ಶಾಸ್ತ್ರಗಳಲ್ಲಿ ಗಟ್ಟಿ ಪಂಡಿತರು. ಅದೇ ಸೀಮೆಯ ಚೀಕಲಪರ್ವಿಯಲ್ಲಿ ಬಡತನದಲ್ಲಿ ಬೆಳೆದು, ಕಾಶಿಗೆ ಹೋಗಿ ಬಂದು ಹಾಡಿನ ದಾರಿ ಹಿಡಿದಿದ್ದ ವಿಜಯದಾಸರು ಆಗ ಊರೂರು ಸುತ್ತುತ್ತಿದ್ದರು. ಕೈಯಲ್ಲಿ ತಂಬೂರಿ, ಬಾಯಲ್ಲಿ ಕನ್ನಡ. ಶಾಸ್ತ್ರವನ್ನು ಕನ್ನಡದಲ್ಲಿ ಹಾಡಿ ಬೀದಿಗೆ ತರುವವರನ್ನು ಕಂಡರೆ ಆಚಾರ್ಯರಿಗೆ ಅಷ್ಟಕ್ಕಷ್ಟೇ. ವಿಜಯದಾಸರು ಮಾನ್ವಿಗೆ ಬಂದಾಗ ಊಟಕ್ಕೆ ಕರೆ ಕಳಿಸಿದರು. ಹೊಟ್ಟೆನೋವು, ಬರಲಾಗದು ಎಂದು ಆಚಾರ್ಯರು ನೆಪ ಹೇಳಿದರು. ಹೇಳಿದ ನೆಪ ನಿಜವಾಯಿತು ಎನ್ನುತ್ತದೆ ದಾಸಪರಂಪರೆಯ ಕಥೆ. ಅನ್ನ ಸೇರದು, ನಿದ್ರೆ ಬಾರದು, ಔಷಧ ನಾಟದು. ವಿದ್ವತ್ತಿನ ಗರ್ವವೆಲ್ಲ ಕರಗಿ, ಬದುಕುವ ಆಸೆಯೇ ಬತ್ತುವ ಹಂತಕ್ಕೆ ಬಂದರು.

ಮುಂದೆ ಅವರು ಮಾಡಿದ್ದು ನಮ್ಮಲ್ಲಿ ಯಾರಾದರೂ ಮಾಡುವುದನ್ನೇ. ಕ್ಷೇತ್ರಕ್ಕೆ ಹೋದರು. ಘಟಿಕಾಚಲದ ಆಂಜನೇಯನ ಸೇವೆಗೆ ಕುಳಿತರು. ಅಲ್ಲಿ ಮಂತ್ರಾಲಯಕ್ಕೆ ಹೋಗೆಂದು ಸೂಚನೆಯಾಯಿತು. ಮಂತ್ರಾಲಯದಲ್ಲಿ ರಾಯರ ಸೇವೆ ಮಾಡಿದರು. ಯಾರನ್ನು ಹಗುರವಾಗಿ ಕಂಡೆಯೋ ಆ ವಿಜಯದಾಸರ ಬಳಿಗೇ ಹೋಗೆಂದು ಸ್ವಪ್ನವಾಯಿತು. ವಿಜಯದಾಸರ ಕಾಲಿಗೆ ಬಿದ್ದರೆ ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಸರ್ಕಾರಿ ಕಚೇರಿಯ ಕಡತದ ಹಾಗೆ ಈ ಮನುಷ್ಯ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುತ್ತಾನೆ. ಆದರೆ ಸಾಗುವ ದಿಕ್ಕನ್ನು ಗಮನಿಸಿ. ದೇವರಿಂದ ಗುರುವಿಗೆ, ಗುರುವಿನಿಂದ ದಾಸರಿಗೆ, ದಾಸರಿಂದ ದಾಸರ ಶಿಷ್ಯನಿಗೆ. ಎತ್ತರದಿಂದ ಇಳಿಯುತ್ತಾ ಇಳಿಯುತ್ತಾ ಕಡೆಗೆ ತನಗಿಂತ ಅಷ್ಟೇನೂ ಹಿರಿಯನಲ್ಲದ ಒಬ್ಬ ಮನುಷ್ಯನ ಮುಂದೆ ಬಂದು ನಿಲ್ಲುತ್ತಾನೆ.

ಗೋಪಾಲದಾಸರು ಏನು ಮಾಡಿದರು? ಉಪದೇಶದಿಂದ ಶುರು ಮಾಡಲಿಲ್ಲ. ಧನ್ವಂತರಿಯನ್ನು ಪ್ರಾರ್ಥಿಸಿ ಜೋಳದ ರೊಟ್ಟಿ ತಿನ್ನಿಸಿದರು. ಅನ್ನದ ಅಗುಳೂ ಸೇರದ ಹೊಟ್ಟೆಗೆ ಜೋಳದ ರೊಟ್ಟಿ! ಅಷ್ಟು ಸಾಲದೆಂದು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ಧಾರೆಯೆರೆದು ಕೊಟ್ಟರು. ಗೋಪಾಲದಾಸರು ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು, ಆಚಾರ್ಯರು ಎಂಬತ್ತು ದಾಟಿ 1809ರವರೆಗೆ ಬಾಳಿದರು ಎಂದು ಪರಂಪರೆ ಲೆಕ್ಕ ಕೊಡುತ್ತದೆ. ಆಯುಷ್ಯವನ್ನು ಹಾಗೆ ಕೊಡಲು ಬರುತ್ತದೆಯೇ ಎಂದು ಕೇಳುವವರು ಕೇಳಲಿ. ನನಗಂತೂ ಕಥೆಯ ಈ ಭಾಗ ತೀರಾ ವಾಸ್ತವ ಅನಿಸುತ್ತದೆ. ಕುಗ್ಗಿ ಕುಳಿತವರೊಬ್ಬರನ್ನು ಎತ್ತಿ ನಿಲ್ಲಿಸಿದ ಯಾರನ್ನಾದರೂ ಕೇಳಿ ನೋಡಿ: ಅಮ್ಮಂದಿರನ್ನು, ಅಕ್ಕಂದಿರನ್ನು, ಹಾಸ್ಟೆಲ್ಲಿನ ಗೆಳೆಯರನ್ನು. ತಮ್ಮ ಆಯುಷ್ಯದಿಂದ ಒಂದಿಷ್ಟನ್ನು ಕೊಡದೆ ಯಾರೂ ಆ ಕೆಲಸ ಮಾಡಿರುವುದಿಲ್ಲ.

ಹೊಟ್ಟೆನೋವು ಹೋದ ಶ್ರೀನಿವಾಸಾಚಾರ್ಯರು ಪಂಢರಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ಜಗನ್ನಾಥವಿಠಲ ಎಂಬ ಅಂಕಿತ ಪಡೆದು, ಜಗನ್ನಾಥದಾಸರಾದರು. ಯಾವ ಭಾಷೆಯ ಹಾಡನ್ನು ಕೀಳೆಂದು ಎಣಿಸಿದ್ದರೋ ಅದೇ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳ ಹರಿಕಥಾಮೃತಸಾರ ಬರೆದರು. ಮಾಧ್ವರ ಮನೆಗಳಲ್ಲಿ ಇಂದಿಗೂ ಅದರ ಪಾರಾಯಣ ನಡೆಯುತ್ತದೆ.

ಈ ಕಥೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗವೂ ಒಂದಿದೆ. ದಾಸರನ್ನು ಅವಮಾನಿಸಿದ್ದಕ್ಕೆ ಹೊಟ್ಟೆನೋವು ಬಂತು ಎಂಬ ಭಾಗ. ಹರಿಕಥೆ ಮಾಡುವವರು ಇದನ್ನೇ ಹಿಗ್ಗಿಸಿ ಹೇಳುತ್ತಾರೆ, ಕೇಳುವವರು ಇದನ್ನೇ ಮನೆಗೆ ಒಯ್ಯುತ್ತಾರೆ. ಆಮೇಲೆ ಮನೆಯಲ್ಲಿ ಯಾರಾದರೂ ಮಂಕಾಗಿ ಕುಳಿತರೆ ಯಾವ ಜನ್ಮದ ಪಾಪವೋ, ಯಾರ ಶಾಪವೋ, ಯಾವ ಹರಕೆ ಬಾಕಿಯೋ ಎಂಬ ವಿಚಾರಣೆ ಶುರು. ಮೊದಲೇ ನೆಲ ಕಚ್ಚಿದವರ ಬೆನ್ನ ಮೇಲೆ ಇನ್ನೊಂದು ಕಲ್ಲು. ಕಥೆಯ ಪೂರ್ವಾರ್ಧ ರೋಗಕ್ಕೆ ಕಾರಣ ಹುಡುಕುತ್ತದೆ, ಉತ್ತರಾರ್ಧ ರೊಟ್ಟಿ ಬಡಿಯುತ್ತದೆ. ನಮಗೆ ಬೇಕಾದದ್ದು ಉತ್ತರಾರ್ಧ.

ಇದೇ ರೊಟ್ಟಿ ಇನ್ನೊಂದು ದೇಶದ, ಇನ್ನೊಂದು ಧರ್ಮದ ಕಥೆಯಲ್ಲೂ ಬರುತ್ತದೆ. ಬೈಬಲ್ಲಿನ ಹಳೆ ಒಡಂಬಡಿಕೆಯಲ್ಲಿ, ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ, ಎಲೀಯ ಎಂಬ ಪ್ರವಾದಿಯ ಕಥೆ. ಕರ್ಮೆಲ್ ಬೆಟ್ಟದ ಮೇಲೆ ನೂರಾರು ಮಂದಿ ಎದುರಾಳಿಗಳನ್ನು ಒಬ್ಬನೇ ಗೆದ್ದವನು. ಮಾರನೆಯ ದಿನವೇ ರಾಣಿ ಈಜೆಬೆಲಳ ಬೆದರಿಕೆಯ ಮಾತು ಬರುತ್ತದೆ. ಅಷ್ಟಕ್ಕೇ ಅವನ ಧೈರ್ಯವೆಲ್ಲ ಕುಸಿಯುತ್ತದೆ. ಜೊತೆಯಲ್ಲಿದ್ದ ಆಳನ್ನೂ ಬಿಟ್ಟು ಮರುಭೂಮಿಗೆ ನಡೆಯುತ್ತಾನೆ, ಒಂದು ಗಿಡದ ಕೆಳಗೆ ಕುಸಿದು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಕೇಳುತ್ತಾನೆ. ಗೆದ್ದ ಮರುದಿನ ಹೀಗೆ ಕುಸಿಯುವುದು ಹೇಗೆ ಎಂದು ಅಚ್ಚರಿ ಪಡುವವರು ಪರೀಕ್ಷೆ ಮುಗಿದ ಮೇಲೆ ಮಂಕಾಗುವ ಮಕ್ಕಳನ್ನೂ ಮಗಳ ಮದುವೆ ಮುಗಿಸಿ ಹಾಸಿಗೆ ಹಿಡಿಯುವ ತಂದೆತಾಯಿಯನ್ನೂ ನೋಡಿಲ್ಲ.

ಆ ಮೊರೆಗೆ ಬಂದ ಉತ್ತರ ಏನು? ಮೊದಲು ನಿದ್ರೆ. ಆಮೇಲೆ ದೇವದೂತನೊಬ್ಬ ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎನ್ನುತ್ತಾನೆ. ತಲೆಯ ಬಳಿ ಕಾದ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಬೈಯುವವರಿಲ್ಲ. ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸುತ್ತಾರೆ: ನೀನು ನಡೆಯಬೇಕಾದ ದಾರಿ ನಿನ್ನ ಶಕ್ತಿಗೆ ಮೀರಿದ್ದು, ಉಣ್ಣು. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲಷ್ಟೇ ದೇವರ ಮಾತು. ಆಗಲೂ ಎಲೀಯ ನಾನೊಬ್ಬನೇ ಉಳಿದಿದ್ದೇನೆ ಎಂದು ದೂರುತ್ತಾನೆ. ಕೊನೆಗೆ ಮೂರು ಕೆಲಸ ಒಪ್ಪಿಸಲಾಗುತ್ತದೆ, ಅದರಲ್ಲೊಂದು ಎಲೀಷ ಎಂಬ ಉತ್ತರಾಧಿಕಾರಿಯನ್ನು ಜೊತೆ ಮಾಡಿಕೊಳ್ಳುವುದು. ನಿನ್ನ ಹಾಗೆ ತಲೆಬಾಗದವರು ಇನ್ನೂ ಏಳು ಸಾವಿರ ಜನ ಇದ್ದಾರೆ ಎಂಬ ಸುದ್ದಿಯೂ ಸಿಗುತ್ತದೆ. ನಿದ್ರೆ, ಊಟ, ನಡಿಗೆ, ಕೆಲಸ, ಜೊತೆ. ಇಂದಿನ ಮನೋವೈದ್ಯರೂ ಕುಗ್ಗಿದವರಲ್ಲಿ ಮೊದಲು ವಿಚಾರಿಸುವುದು ಇವನ್ನೇ. ಹಸಿದವನಿಗೆ ತತ್ತ್ವ ಹೇಳಬಾರದು ಎಂಬ ತಿಳಿವಳಿಕೆ ಮಾನ್ವಿಗೂ ಇತ್ತು, ಆ ಮರುಭೂಮಿಗೂ ಇತ್ತು.

ಈಗ ಮೊರೆಯ ಮಾತಿಗೆ ಬರುತ್ತೇನೆ. ದೇವರ ಮುಂದೆ ಅಳುವುದು ಭಕ್ತಿಯ ಕೀಳು ಮೆಟ್ಟಿಲು, ಜ್ಞಾನಿಯಾದವನು ಏನನ್ನೂ ಕೇಳುವುದಿಲ್ಲ ಎಂಬ ಮಾತು ನಮ್ಮ ಸತ್ಸಂಗಗಳಲ್ಲಿ ಆಗಾಗ ಕೇಳಿಬರುತ್ತದೆ. ಗೀತೆಯ ಏಳನೆಯ ಅಧ್ಯಾಯದಲ್ಲಿ ನಾಲ್ಕು ಬಗೆಯ ಭಕ್ತರ ಪಟ್ಟಿ ಬರುತ್ತದೆ. ಅದರಲ್ಲಿ ಮೊದಲು ಹೆಸರಿಸಿದ್ದು ಆರ್ತನನ್ನು, ಸಂಕಟದಲ್ಲಿರುವವನನ್ನು. ಜ್ಞಾನಿ ತನಗೆ ಹೆಚ್ಚು ಪ್ರಿಯ ಎಂದು ಕೃಷ್ಣ ಹೇಳುತ್ತಾನೆ, ನಿಜ. ಆದರೆ ನಾಲ್ವರೂ ಉದಾರರೇ ಎಂದೂ ಅಲ್ಲೇ ಹೇಳುತ್ತಾನೆ. ಇನ್ನು ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ಕೈ ನಡುಗಿ, ಬಾಯಿ ಒಣಗಿ, ಬಿಲ್ಲು ಜಾರಿ ರಥದಲ್ಲಿ ಕುಸಿದ ಸ್ಥಿತಿಗೂ ಯೋಗ ಎಂಬ ಪದವಿ ಕೊಟ್ಟಿದ್ದಾರೆ.

ಎರಡನೆಯ ಅಧ್ಯಾಯದ ಆರಂಭವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕುಸಿದ ಅರ್ಜುನನಿಗೆ ಕೃಷ್ಣ ಮೊದಲು ಹೇಳುವುದು ನಾವೆಲ್ಲ ಹೇಳುವುದನ್ನೇ: ಇದೇನು ಹೇಡಿತನ, ನಿನಗೆ ಶೋಭಿಸದು, ಏಳು. ಎರಡು ಶ್ಲೋಕ, ಅಷ್ಟೇ. ಫಲ ಏನು? ಅರ್ಜುನ ಏಳುವುದಿಲ್ಲ. ಮತ್ತಷ್ಟು ದುಃಖ ತೋಡಿಕೊಳ್ಳುತ್ತಾನೆ, ಏನು ಮಾಡಲೆಂದು ತಿಳಿಯುತ್ತಿಲ್ಲ, ನೀನೇ ದಾರಿ ತೋರಿಸು ಎನ್ನುತ್ತಾನೆ, ಯುದ್ಧ ಮಾಡಲಾರೆ ಎಂದು ಸುಮ್ಮನಾಗುತ್ತಾನೆ. ಸಾಕ್ಷಾತ್ ಭಗವಂತನ ಬಾಯಿಂದ ಬಂದರೂ "ಧೈರ್ಯ ತಂದುಕೋ" ಎಂಬ ಮಾತು ಕೆಲಸ ಮಾಡಲಿಲ್ಲ! ಆಮೇಲೆ ಕೃಷ್ಣ ದಾರಿ ಬದಲಿಸುತ್ತಾನೆ; ಹದಿನೆಂಟನೆಯ ಅಧ್ಯಾಯದವರೆಗೆ ಪಕ್ಕದಲ್ಲೇ ಇದ್ದು, ಪ್ರಶ್ನೆ ಕೇಳಿಸಿಕೊಂಡು, ಕೇಳಿದ್ದನ್ನೇ ಮತ್ತೆ ಕೇಳಿದರೂ ಉತ್ತರ ಕೊಡುತ್ತಾನೆ. ಎಲ್ಲ ಹೇಳಿದ ಮೇಲೆ, ಯೋಚಿಸಿ ನಿನಗೆ ತೋಚಿದಂತೆ ಮಾಡು ಎನ್ನುತ್ತಾನೆ. ಖಿನ್ನತೆಯಲ್ಲಿರುವವರಿಗೆ ಎರಡು ಶ್ಲೋಕದಷ್ಟು ಬೈದು ಎದ್ದು ಹೋಗುವ ನಮ್ಮಂಥವರು ಗೀತೆಯನ್ನು ಅಷ್ಟರಮಟ್ಟಿಗೆ ಮಾತ್ರ ಓದಿದ್ದೇವೆ.

ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರನ ಕಥೆ ನಿಮಗೆಲ್ಲ ಗೊತ್ತು. ಆದರೂ ಮೂರು ಸಂಗತಿಗಳನ್ನು ನೆನಪಿಸುತ್ತೇನೆ. ಮೊಸಳೆ ಕಾಲು ಹಿಡಿದ ಕೂಡಲೇ ಆನೆ ದೇವರನ್ನು ಕರೆಯಲಿಲ್ಲ. ಸಾವಿರ ವರ್ಷ ತಾನೇ ಸೆಣಸಿತು, ಬಳಗವೂ ಎಳೆದು ನೋಡಿ ಸೋತಿತು. ಮೊರೆಯಿಡುವುದು ಸೋಮಾರಿಯ ಉಪಾಯ ಎನ್ನುವವರು ಇದನ್ನು ಗಮನಿಸಬೇಕು. ಎರಡನೆಯದು, ಆ ಗಳಿಗೆಯಲ್ಲಿ ಅದರ ಬಾಯಿಗೆ ಬಂದ ಸ್ತೋತ್ರ ಆಗ ಕಟ್ಟಿದ್ದಲ್ಲ. ಹಿಂದಿನ ಜನ್ಮದಲ್ಲಿ, ಇಂದ್ರದ್ಯುಮ್ನ ಎಂಬ ಅರಸನಾಗಿದ್ದಾಗ ಕಲಿತದ್ದು. ನೆಮ್ಮದಿಯ ದಿನಗಳಲ್ಲಿ ಬಾಯಿಪಾಠ ಮಾಡಿದ್ದು ಸಂಕಟದ ದಿನ ತಾನಾಗಿ ಒದಗಿತು. ಕನಕದಾಸರ ಹರಿಭಕ್ತಿಸಾರವನ್ನು ಹಿಂದೆ ಮಕ್ಕಳಿಗೆ ಅರ್ಥ ತಿಳಿಯುವ ಮೊದಲೇ ಕಲಿಸುತ್ತಿದ್ದದ್ದು ಸುಮ್ಮನೆ ಅಲ್ಲ. ನೂರಕ್ಕೂ ಮಿಕ್ಕ ಪದ್ಯಗಳು, ಪ್ರತಿಯೊಂದರ ಕೊನೆಗೂ ಕಾಪಾಡು ಎಂಬ ಒಂದೇ ಬೇಡಿಕೆ. ಮಗುವಿಗೆ ಆಗ ಅದೊಂದು ಲಯ, ಅಷ್ಟೇ. ಐವತ್ತು ವರ್ಷದ ಮೇಲೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತಾಗ, ಸ್ವಂತ ಮಾತು ಹೊರಡದ ಹೊತ್ತಿನಲ್ಲಿ, ಆ ಲಯ ಬಾಯಿಗೆ ಬರುತ್ತದೆ. ಮೂರನೆಯದು, ಗಜೇಂದ್ರ ಯಾವ ದೇವರ ಹೆಸರನ್ನೂ ಹಿಡಿದು ಕರೆಯಲಿಲ್ಲ. ಹೆಸರಿಲ್ಲದ ಕರೆಗೆ ಉಳಿದ ದೇವತೆಗಳು ನಮ್ಮನ್ನಲ್ಲ ಎಂದು ಕುಳಿತರಂತೆ. ಹರಿ ಎದ್ದು ಬಂದ. ವಿಳಾಸ ಸರಿಯಿಲ್ಲದ ಮೊರೆಯೂ ತಲುಪುತ್ತದೆ ಎಂಬ ನಂಬಿಕೆ ಇಲ್ಲಿದೆ. ನಾನು ದೇವಸ್ಥಾನಕ್ಕೆ ಹೋಗುವವನಲ್ಲ, ನನಗೆ ಕೇಳುವ ಹಕ್ಕಿಲ್ಲ ಎಂದು ಹಿಂಜರಿಯುವವರಿಗೆ ಇದು ತಿಳಿದಿರಲಿ.

ಮೊರೆ ಯಾವಾಗಲೂ ವಿನಯದಿಂದಲೇ ಇರಬೇಕೆಂದೂ ಇಲ್ಲ. ನಮ್ಮ ದಾಸರು ದೇವರನ್ನು ಗದರಿದ್ದಾರೆ, ಲೆಕ್ಕ ಕೇಳಿದ್ದಾರೆ, ನಿನ್ನಂಥವನನ್ನು ನಂಬಿ ಕೆಟ್ಟೆ ಎಂದು ಹಂಗಿಸಿದ್ದಾರೆ. ನಿಂದಾಸ್ತುತಿ ಎಂದು ಅದಕ್ಕೊಂದು ಪ್ರಕಾರವೇ ಇದೆ. ಕಲ್ಯಾಣದಲ್ಲಿ ಭಂಡಾರದ ಅಧಿಕಾರ ಹಿಡಿದಿದ್ದ ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನೂ ಅಂಜಿಕೆಯನ್ನೂ ಕೂಡಲಸಂಗಮನಿಗೆ ಎಷ್ಟು ಬಿಚ್ಚಿ ಹೇಳಿಕೊಂಡರು ಎಂಬುದು ಅವರ ವಚನ ಓದಿದ ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರು ಹೀಗೆ ಬರೆದಿಟ್ಟರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಇಂದಿನ ಯಾವ ಅಧಿಕಾರಿ, ಯಾವ ಮಂತ್ರಿ ಬರೆದಾನು? ಕನ್ನಡ ಬೈಬಲ್ಲಿನ ಕೀರ್ತನೆಗಳ ಪುಸ್ತಕದಲ್ಲಿ ಒಟ್ಟು 150 ಕೀರ್ತನೆಗಳಿವೆ. ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಳಿನ ಹಾಡುಗಳು. ಹೆಚ್ಚಿನವು ಅಳುವಿನಲ್ಲಿ ಶುರುವಾಗಿ ಭರವಸೆಯಲ್ಲಿ ಮುಗಿಯುತ್ತವೆ. 88ನೆಯದು ಹಾಗೆ ಮುಗಿಯುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನು ತೆಗೆದುಹಾಕದೆ ಪವಿತ್ರಗ್ರಂಥದಲ್ಲಿ ಉಳಿಸಿಕೊಂಡವರು ಬದುಕನ್ನು ಬಲ್ಲವರು.

ಇದಕ್ಕೆ ಎದುರಾಗಿ ಇನ್ನೊಂದು ಮಾತನ್ನು ನಮ್ಮ ಪ್ರವಚನಕಾರರು ಬಳಸುತ್ತಾರೆ. ಭಾಗವತದಲ್ಲಿ ಕುಂತಿ, ಆಪತ್ತುಗಳು ಮತ್ತೆ ಮತ್ತೆ ಬರಲಿ, ಬಂದಾಗಲೆಲ್ಲ ನಿನ್ನ ದರ್ಶನವಾಗುತ್ತದೆ ಎಂದು ಕೃಷ್ಣನಿಗೆ ಹೇಳುತ್ತಾಳೆ. ಎತ್ತರದ ಮಾತು. ಆದರೆ ಅದನ್ನು ಆಡಿದವಳು ಕುಂತಿ, ಯುದ್ಧ ಮುಗಿದ ಮೇಲೆ, ತನ್ನ ಬದುಕಿನ ಬಗ್ಗೆ. ಸಾಲಗಾರರು ಬಾಗಿಲಲ್ಲಿ ನಿಂತಿರುವ ರೈತನಿಗೆ, ಮಗುವನ್ನು ಕಳೆದುಕೊಂಡ ತಾಯಿಗೆ ಇನ್ನೊಬ್ಬರು ಅದನ್ನು ಹೇಳಿದರೆ ಅದು ಭಕ್ತಿಯಲ್ಲ, ಕ್ರೌರ್ಯ.

ನಮ್ಮ ಕ್ಷೇತ್ರಗಳು ಈ ಕೆಲಸವನ್ನು ಹೇಗೆ ಮಾಡುತ್ತವೆ ಎಂದು ಒಂದು ಊರನ್ನು ಹಿಡಿದು ನೋಡೋಣ. ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಗಾಣಗಾಪುರ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮ, ದತ್ತಾತ್ರೇಯನ ಅವತಾರವೆಂದು ಜನ ನಂಬುವ ಗುರು ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆ, ಔದುಂಬರ ವೃಕ್ಷ. ಮನಸ್ಸಿನ ಬೇನೆ ಹೊತ್ತು ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಇಲ್ಲಿಗೆ ಬರುತ್ತಾರೆ. ಬಂದವರಲ್ಲಿ ಹಲವರು ಒಂದು ದಿನದ ದರ್ಶನಕ್ಕೆ ಬಂದವರಲ್ಲ. ಸೇವೆಗೆಂದು ದಿನಗಟ್ಟಲೆ ಉಳಿಯುತ್ತಾರೆ. ಬೆಳಗ್ಗೆ ಸಂಗಮದಲ್ಲಿ ಸ್ನಾನ, ಔದುಂಬರಕ್ಕೆ ಪ್ರದಕ್ಷಿಣೆ, ಏಳು ದಿನದ ಗುರುಚರಿತ್ರೆ ಪಾರಾಯಣ. ಮಧ್ಯಾಹ್ನ ಮಧುಕರಿ: ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಂತು ಭಿಕ್ಷೆ ಬೇಡುವುದು. ದತ್ತಾತ್ರೇಯನೇ ಮಧ್ಯಾಹ್ನ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬುದು ಅಲ್ಲಿನ ನಂಬಿಕೆ. ಹಾಗಾಗಿ ಬೇಡಲು ಬಂದವರನ್ನು ಯಾರೂ ಹೀನವಾಗಿ ನೋಡುವಂತಿಲ್ಲ. ಕೋಣೆಯ ಮೂಲೆ ಹಿಡಿದವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ನಡೆಸಿ, ನಾಲ್ಕು ಜನರ ಮುಂದೆ ಕೈಯೊಡ್ಡಲು ಕಲಿಸುವ ವ್ಯವಸ್ಥೆ ಇದು. ಸಹಾಯ ಕೇಳಲು ನಾಚುವ ಮನಸ್ಸಿಗೆ, ಕೇಳುವುದನ್ನೇ ಸೇವೆಯೆಂದು ಮಾಡಿಸುತ್ತಾರೆ. ಯಾರು ಯೋಚಿಸಿ ಮಾಡಿದರೋ ಕಾಣೆ, ಜಾಣರು.

ಗುರುಚರಿತ್ರೆ ಮರಾಠಿ ಗ್ರಂಥ. ಆದರೆ ಬರೆದ ಸರಸ್ವತಿ ಗಂಗಾಧರರ ಮನೆತನದ ನೆಲ ಆಳಂದ ಸೀಮೆಯ ಕಡಗಂಚಿ. ಅದರ 14ನೆಯ ಅಧ್ಯಾಯವೊಂದನ್ನೇ ದಿನವೂ ಓದುವ ಮನೆಗಳಿವೆ. ಅದರಲ್ಲಿರುವುದು ಸಾಯಂದೇವನ ಕಥೆ. ಅವನೊಬ್ಬ ನೌಕರ. ಕ್ರೂರಿಯಾದ ಮೇಲಧಿಕಾರಿ ಕರೆಸಿದ್ದಾನೆ, ಹೋದರೆ ಜೀವ ಉಳಿಯದು ಎಂಬ ಭಯ. ಗುರು ನೃಸಿಂಹ ಸರಸ್ವತಿಗಳು ಅಭಯ ಕೊಟ್ಟು ಕಳಿಸುತ್ತಾರೆ. ಮಾತ್ರವಲ್ಲ, ನೀನು ಬರುವವರೆಗೆ ಇಲ್ಲೇ ಇರುತ್ತೇನೆ ಎನ್ನುತ್ತಾರೆ. ಅವನು ಹೋಗುತ್ತಾನೆ, ಅಧಿಕಾರಿಯ ಮನಸ್ಸು ತಿರುಗಿ ವಸ್ತ್ರ ಕೊಟ್ಟು ಕಳಿಸುತ್ತಾನೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ರಾತ್ರಿ ಹನ್ನೊಂದಕ್ಕೆ ಮ್ಯಾನೇಜರನ ಮೆಸೇಜು ಬಂದರೆ ಎದೆ ಹೊಡೆದುಕೊಳ್ಳುವ ಹುಡುಗ ಹುಡುಗಿಯರಿಗೆ ಇದು ಹಳೆಯ ಕಾಲದ ಕಥೆ ಅನಿಸಲಾರದು. ಅಂಥವರ ತಾಯಂದಿರು ಊರಲ್ಲಿ ಕುಳಿತು ಈ ಅಧ್ಯಾಯ ಓದುವುದು ನನಗೆ ಗೊತ್ತು. ಅವರಲ್ಲಿ ನನ್ನ ವಿನಂತಿ: ಓದಿ, ಓದಿದ ಮೇಲೆ ಮಗಳಿಗೆ ಫೋನನ್ನೂ ಮಾಡಿ. "ನೀನು ಬರುವವರೆಗೆ ಇಲ್ಲೇ ಇರುತ್ತೇನೆ" ಎಂಬ ಗುರುವಿನ ಮಾತನ್ನು ಆ ಮನೆಯಲ್ಲಿ ನಿಮ್ಮ ಬಾಯಿಂದಲೇ ಕೇಳಬೇಕು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ತೋರಿಸದಿದ್ದರೆ ತಪ್ಪಾದೀತು. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಹಳ್ಳಿಯ ದೇವಸ್ಥಾನದಲ್ಲಿ, ಗಂಭೀರ ಮಾನಸಿಕ ಕಾಯಿಲೆಯಿಂದ ಬಂದು ತಂಗಿದ್ದ 31 ಜನರನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಬರೆದರು. ಸರಾಸರಿ ಆರು ವಾರದ ವಾಸ, ಔಷಧವಿಲ್ಲ, ಮಂತ್ರವಾದವಿಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು, ರೋಗಿಗಳು ದೇವಸ್ಥಾನದ ಚಿಕ್ಕಪುಟ್ಟ ಕೆಲಸಗಳಲ್ಲಿ ಕೈಜೋಡಿಸುತ್ತಿದ್ದರು. ಕಾಯಿಲೆಯ ತೀವ್ರತೆ ಸುಮಾರು ಶೇ. 20ರಷ್ಟು ಇಳಿದಿತ್ತು. ಬೆದರಿಕೆಯಿಲ್ಲದ, ಆಸರೆಯ ವಾತಾವರಣವೇ ಇದಕ್ಕೆ ಕಾರಣವಿರಬೇಕೆಂದು ಅವರು ಬರೆದರು. ಅದು ಅಚ್ಚಾಗುವುದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರ ಬೆಳಗಿನ ಜಾವ, ಅದೇ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಕೃಪೆಯಿಂದ ವಾಸಿಯಾದಾರೆಂದು ಮನೆಯವರು ತಂದು ಬಿಟ್ಟಿದ್ದ ರೋಗಿಗಳನ್ನು ಖಾಸಗಿಯವರು ನಡೆಸುತ್ತಿದ್ದ ಗುಡಿಸಲಿನಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಓಡಲಾಗದೆ 28 ಜನ ಸತ್ತರು.

ಒಂದೇ ರಾಜ್ಯ, ಒಂದೇ ಬಗೆಯ ನಂಬಿಕೆ. ಒಂದು ಕಡೆ ಜೊತೆಗೊಬ್ಬರಿದ್ದರು, ಇನ್ನೊಂದು ಕಡೆ ಸರಪಳಿಯಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗಳನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟಬಾರದೆಂದು ನಿಷೇಧಿಸಿದೆ. ದೇವರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವುದನ್ನು ನಿಷೇಧಿಸುವ ಕಾಯ್ದೆ ಬರಲಾರದು. ಅದನ್ನು ನಾವೇ ಬಿಡಬೇಕು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ದವಾ-ದುವಾ ಎಂಬ ಕಾರ್ಯಕ್ರಮ ನಡೆದಿದೆ. ಮುಜಾವರರು ಪ್ರಾರ್ಥನೆ ಮಾಡಿ, ಅಲ್ಲೇ ಇರುವ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಆಂಜನೇಯ ರಾಯರ ಬಳಿಗೆ, ರಾಯರು ದಾಸರ ಬಳಿಗೆ ಕಳಿಸಿದರಲ್ಲ, ಹಾಗೆಯೇ. ಕಳಿಸಿದ್ದರಿಂದ ಯಾವ ದೇವರ ಮಹಿಮೆಯೂ ಕಡಿಮೆಯಾಗಲಿಲ್ಲ.

ಪ್ರಾರ್ಥನೆ ಮಾಡುವವನಿಗೆ ಮಾತ್ರೆ ಬೇಡ ಎನ್ನುವವರಿದ್ದಾರೆ. ಮಾತ್ರೆ ತಿನ್ನುವವನಿಗೆ ಪ್ರಾರ್ಥನೆ ಯಾಕೆ ಎಂದು ನಗುವವರೂ ಇದ್ದಾರೆ. ಧನ್ವಂತರಿಯನ್ನು ಹಾಡಿ ಹೊಗಳಿದ ಗೋಪಾಲದಾಸರ ಪರಂಪರೆಯಲ್ಲಿ ವೈದ್ಯನೇ ದೇವರು. ಈ ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ. ಅದರ ಮೇಲೆ ಇನ್ನಷ್ಟು ಹೊತ್ತು ಕಳೆಯಲು ನನಗೂ ಇಷ್ಟವಿಲ್ಲ.

ಕೊನೆಯದಾಗಿ, ಈ ಸಭೆಯಲ್ಲಿ ದೇವಸ್ಥಾನದ ಧರ್ಮದರ್ಶಿಗಳು, ಮಠದ ಕಾರ್ಯಕರ್ತರು, ಭಜನಾ ಮಂಡಳಿಯ ತಾಯಂದಿರು ಕುಳಿತಿದ್ದೀರಿ. ಎರಡು ಕೆಲಸ ಕೇಳಿಕೊಳ್ಳುತ್ತೇನೆ. ಭಜನೆಗೆ ತಪ್ಪದೆ ಬರುತ್ತಿದ್ದವರು ಎರಡು ವಾರ ಕಾಣಲಿಲ್ಲವೆಂದರೆ ಯಾರಾದರೂ ಒಬ್ಬರು ಅವರ ಮನೆಗೆ ಹೋಗಿ. ಹೋಗುವಾಗ ಕೈಯಲ್ಲಿ ಊಟ ಇರಲಿ, ಬಾಯಲ್ಲಿ ಉಪದೇಶ ಬೇಡ. ಇನ್ನೊಂದು, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ-ಮಾನಸ್ ಎಂಬ ಸಹಾಯವಾಣಿ ಶುರು ಮಾಡಿತು. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಿಮ್ಮ ದೇವಸ್ಥಾನದ ಸೇವಾ ದರಪಟ್ಟಿಯ ಫಲಕದಲ್ಲಿ ಕುಂಕುಮಾರ್ಚನೆ, ಅಭಿಷೇಕಗಳ ಕೆಳಗೆ ಆ ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ.